ನಾಲ್ಕು ಬೆರಳು ನೀರು

ಎರಡು ಸಾವಿರದ ಆರನೆಯ ಇಸವಿಯ ಯುಗಾದಿ ಕಳೆದ ಹನ್ನೊಂದನೆಯ ದಿನ, ಬೆಳಗಿನ ಏಳು ಗಂಟೆಗೆ, ಕೂಟಗಲ್ ಹೋಬಳಿಯ ಕರಿಕಲ್ಲುದೊಡ್ಡಿಯಲ್ಲಿ ಅಂಬುಜಮ್ಮನವರ ಬಟ್ಟೆ ಒಗೆಯುವ ಕಲ್ಲು ನಾಲ್ಕು ಬೆರಳು ಒಣಗಿರುವುದು ಪತ್ತೆಯಾಯಿತು. ಈ ಸಂಗತಿ ಅಂದೇ ಮಧ್ಯಾಹ್ನದೊಳಗೆ ಊರಿನ ಅರವತ್ತು ಮನೆಗಳಿಗೂ, ಸಂಜೆಯೊಳಗೆ ಗ್ರಾಮ ಪಂಚಾಯಿತಿಗೂ, ಮಾರನೆಯ ದಿನ ರಾಮನಗರದ ತಾಲ್ಲೂಕು ಕಚೇರಿಗೂ ಲಿಖಿತವಾಗಿ ತಿಳಿಯಿತು. ಬಟ್ಟೆ ಒಗೆಯುವ ಕಲ್ಲೊಂದರ ಬಗ್ಗೆ ಇನ್ನೂರ ಹನ್ನೆರಡು ಜನ ಸಹಿ ಮಾಡಿದ ಅರ್ಜಿ ಆ ಕಚೇರಿಗೆ ಅದಕ್ಕೆ ಮೊದಲು ಬಂದಿರಲಿಲ್ಲ. ಆಮೇಲೂ ಬಂದಿಲ್ಲ.

ಪತ್ತೆ ಮಾಡಿದವಳು ಸ್ವತಃ ಅಂಬುಜಮ್ಮ. ಸಾಕ್ಷಿಗೆ ಇದ್ದವಳು ಮಗಳು ಪುಟ್ಟಿ.

"ಲೇ ಪುಟ್ಟಿ, ಬಾ ಇಲ್ಲಿ. ಈ ಕಲ್ ನೋಡು."

"ಕಲ್ಲು ಕಣವ್ವ."

"ಕಲ್ಲು ಅಂತ ನಂಗೂ ಗೊತ್ತು. ಪಾಚಿ ನೋಡು. ಒಣಗೋಗೈತೆ."

"ನೀನೇ ಉಜ್ಜಾಕಿರ್ತೀಯ."

"ಮೂವತ್ತು ವರ್ಸದಿಂದ ಉಜ್ತಾ ಇವ್ನಿ. ಒಂದ್ ಬೇಸ್ಗೇಲೂ ಒಣಗಿರ್ನಿಲ್ಲ."

ಪುಟ್ಟಿಗೆ ಏಳೂವರೆಗೆ ಕಾರ್ಖಾನೆಯ ಬಸ್ಸು. ಅವಳು ಕಲ್ಲನ್ನು ಇನ್ನೊಮ್ಮೆ ನೋಡಿ, ಒಣಗಿರುವುದು ನಿಜವೆಂದು ಒಪ್ಪಿ, ಊಟದ ಡಬ್ಬಿ ಎತ್ತಿಕೊಂಡು ನಡೆದಳು.

ಆ ಹಳ್ಳದಲ್ಲಿ ಬಟ್ಟೆ ಒಗೆಯುವ ಕಲ್ಲುಗಳು ಹನ್ನೊಂದಿದ್ದವು. ಅಂಬುಜಮ್ಮನದು ಎಲ್ಲಕ್ಕಿಂತ ಮೇಲಿನದು, ಅತ್ತೆಯಿಂದ ಬಂದದ್ದು. ಅದಕ್ಕಿಂತ ಮೇಲೆ ಹಳ್ಳವೇ ಇಲ್ಲ. ಊರಿನ ಮೇಲುಗಡೆಯ ಇಳಿಜಾರಿಗೆ ಅಡ್ಡಲಾಗಿ ಮಲಗಿದ ಎಮ್ಮೆಗಳ ಸಾಲಿನಂತೆ ಕಪ್ಪು ಬಂಡೆಗಳ ಒಂದು ಸಾಲು ಇದೆ. ಊರಿಗೆ ಹೆಸರು ಬಂದದ್ದೇ ಅದರಿಂದ. ಆ ಸಾಲು ಒಂದು ಕಡೆ ಒಂದಾಳು ತೂರುವಷ್ಟು ತಗ್ಗಾಗಿದೆ. ಅಲ್ಲಿ, ಯಾವ ಸದ್ದೂ ಇಲ್ಲದೆ, ಯಾರೋ ಒದ್ದೆ ಬಟ್ಟೆ ಹಿಂಡಿಟ್ಟು ಹೋದ ಹಾಗೆ ನೀರು ಜಿನುಗಿ ಹಳ್ಳ ಹುಟ್ಟುತ್ತದೆ. ಮಳೆಗಾಲದಲ್ಲಿ ಅದು ದೊಡ್ಡ ಹಳ್ಳವಲ್ಲ. ಆದರೆ ಬೇಸಿಗೆಯಲ್ಲಿ ಸುತ್ತಲಿನ ಹಳ್ಳಗಳೆಲ್ಲ ಮರಳಾದಾಗಲೂ ಇದು ಹರಿಯುತ್ತಿತ್ತು. ಮಳೆಯಿಲ್ಲದ ಏಪ್ರಿಲಿನಲ್ಲಿ ನೀರು ಎಲ್ಲಿಂದ ಬರುತ್ತದೆ ಎಂದು ಊರಿನಲ್ಲಿ ಯಾರೂ ಕೇಳಿದವರಲ್ಲ. ಬರುವುದನ್ನು ಯಾಕೆ ಬರುತ್ತೀಯ ಎಂದು ಕೇಳುವುದು ಮರ್ಯಾದೆಯಲ್ಲ.

ಅಂಬುಜಮ್ಮನ ಕಲ್ಲಿನ ಪಕ್ಕದಲ್ಲೇ ಅವಳ ಕಾಲುವೆಯ ಬಾಯಿ. ಒಂದು ಎಕರೆ ಹಿಪ್ಪುನೇರಳೆ ತೋಟಕ್ಕೆ ಮೋಟರಿಲ್ಲದೆ, ಕರೆಂಟಿಲ್ಲದೆ ನೀರು ತಾನಾಗಿ ನಡೆದು ಹೋಗುವ ಕಾಲುವೆ. ಆ ಬಾಯಿ ಕಲ್ಲಿನ ಪಾಚಿಯ ಗೆರೆಗೆ ಸಮನಾಗಿತ್ತು. ಹಾಗಾಗಿ ಕಲ್ಲು ನಾಲ್ಕು ಬೆರಳು ಒಣಗಿತೆಂದರೆ ಕಾಲುವೆಗೆ ಒಂದು ಹನಿಯೂ ಹತ್ತುವುದಿಲ್ಲ ಎಂದು ಅರ್ಥ. ಮನೆಯಲ್ಲಿ ನೂರು ಮೊಟ್ಟೆಯ, ಎಂದರೆ ನೂರು ಚಿಟ್ಟೆಗಳು ಇಟ್ಟಷ್ಟು ಮೊಟ್ಟೆಯ, ರೇಷ್ಮೆಹುಳು ಆ ಮುಂಜಾನೆಯಷ್ಟೇ ಎರಡನೆಯ ಜ್ವರದಿಂದ ಎದ್ದಿತ್ತು. ಹುಳು ಚರ್ಮ ಕಳಚುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ ಸುಮ್ಮನೆ ಕೂರುವುದಕ್ಕೆ ರೇಷ್ಮೆಯವರು ಜ್ವರ ಎನ್ನುತ್ತಾರೆ. ಅಂಥವು ನಾಲ್ಕು. ನಾಲ್ಕನೆಯದರಿಂದ ಎದ್ದ ಹುಳು ಒಂದು ವಾರ ಹಗಲು ರಾತ್ರಿ ತಿನ್ನುತ್ತದೆ. ಅದುವರೆಗೆ ತಿಂದದ್ದು ರುಚಿ ನೋಡಿದ್ದು ಅಷ್ಟೇ ಎಂಬ ಹಾಗೆ. ಆಗ ಸೊಪ್ಪು ಮೆತ್ತಗೆ, ರಸವಾಗಿ ಇರಬೇಕು. ಬಾಡಿದ ಸೊಪ್ಪು ಹಾಕಿದರೆ ಗೂಡು ಕಟ್ಟುವುದಿಲ್ಲ. ನಾಲ್ಕನೆಯ ಜ್ವರ ಮುಗಿಯಲು ಎಷ್ಟು ದಿನವೆಂದು ಅಂಬುಜಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. ಹನ್ನೆರಡು ದಿನ.

ಅರ್ಜಿ ಬರೆದದ್ದು ಗಂಡ ದಾಸಪ್ಪ. ಅವನಿಗೆ ಅರ್ಜಿಯೆಂದರೆ ಬೇಸಾಯದಷ್ಟೇ ಹಳೆಯ ಕಸುಬು, ಫಸಲಿನ ವಿಷಯದಲ್ಲಿ ಸ್ವಲ್ಪ ಹಿಂದೆ. ಅವನು ಅಧ್ಯಕ್ಷನಾಗಿದ್ದ ಬೋರ್‌ವೆಲ್ ಸಮಿತಿ ಯುಗಾದಿಯ ದಿನ ಊರಿಗೆ ಬೋರ್‌ವೆಲ್ ನೀರು ಕೊಟ್ಟು ಕೃತಾರ್ಥವಾಗಿ ಸುಮ್ಮನಿತ್ತು. ಆ ಸಮಿತಿಯ ಕಾಗದದ ಮೇಲಿನ ಹೆಸರಿಗೆ ಒಂದು ಚೀಟಿ ಅಂಟಿಸಿ, ಅದೇ ಐವರು ಸದಸ್ಯರನ್ನು ಇಟ್ಟುಕೊಂಡು, ದಾಸಪ್ಪ ಅರ್ಧ ಗಂಟೆಯಲ್ಲಿ ಹಳ್ಳ ಉಳಿಸಿ ಹೋರಾಟ ಸಮಿತಿಯನ್ನು ಸ್ಥಾಪಿಸಿದ.

ಅಪರಾಧಿ ಯಾರೆಂಬುದರಲ್ಲಿ ಸಮಿತಿಗೆ ಅನುಮಾನವಿರಲಿಲ್ಲ. ಕಪ್ಪು ಬಂಡೆಯ ಸಾಲಿನಿಂದ ಒಂದು ಮೈಲಿ ಕೆಳಗೆ, ರಸ್ತೆಯ ಬದಿಯಲ್ಲಿ, ಎರಡು ವರ್ಷದ ಹಿಂದೆ ಒಂದು ಜೀನ್ಸ್ ಕಾರ್ಖಾನೆ ಬಂದಿತ್ತು. ಅಲ್ಲಿ ಹೊಸ ಪ್ಯಾಂಟುಗಳನ್ನು ಒಗೆದೊಗೆದು ಹಳೆಯದು ಮಾಡಿ ಹೆಚ್ಚಿನ ಬೆಲೆಗೆ ಮಾರುತ್ತಾರೆ ಎಂದು ಅಲ್ಲೇ ಕೆಲಸ ಮಾಡುವ ಪುಟ್ಟಿ ಹೇಳಿದಾಗ, ಮಗಳು ತನ್ನನ್ನು ಆಡಿಕೊಳ್ಳಲು ಕಟ್ಟಿದ ಕತೆ ಎಂದೇ ಅಂಬುಜಮ್ಮ ತಿಳಿದಿದ್ದಳು. ಅಷ್ಟು ಒಗೆಯಲು ನೀರು ಬೇಕಲ್ಲ. ಕಾರ್ಖಾನೆ ನಾನೂರೈವತ್ತು ಅಡಿಯ ಎರಡು ಬೋರು ಕೊರೆಸಿತ್ತು. ಅವುಗಳ ಮೋಟರು ಶುರುವಾದರೆ ಬಸ್ ನಿಲ್ದಾಣದಲ್ಲಿ ನಿಂತವರ ಮಾತು ಕೇಳುತ್ತಿರಲಿಲ್ಲ. ಅಷ್ಟು ಸದ್ದು ಮಾಡುವುದು ಏನನ್ನಾದರೂ ಕದಿಯುತ್ತಲೇ ಇರಬೇಕು ಎಂದು ಸಮಿತಿ ನಿರ್ಣಯಿಸಿತು.

ಊರಿನ ಬೋರ್‌ವೆಲ್ಲಿನ ಮಾತೇ ಬೇರೆ. ತೆಂಗಿನಕಾಯಿಯನ್ನು ಅಂಗೈ ಮೇಲಿಟ್ಟುಕೊಂಡು ನೀರು ನೋಡುವವರೊಬ್ಬರು ಮಾಗಡಿ ಕಡೆಯಿಂದ ಬಂದು, ಇಳಿಜಾರಿನ ಉದ್ದಗಲ ನಡೆದು, ಕಪ್ಪು ಬಂಡೆಯ ಸಾಲಿನ ಮೇಲುಗಡೆ, ಸಾಲಿಗೆ ಇಪ್ಪತ್ತೇ ಮಾರು ದೂರದಲ್ಲಿ ನಿಂತಾಗ ಕಾಯಿ ನೆಟ್ಟಗೆ ಎದ್ದು ನಿಂತಿತು. ನೂರೆಂಬತ್ತು ಅಡಿಗೇ ನಾಲ್ಕಿಂಚು ನೀರು ಚಿಮ್ಮಿತು. ಕಾಯಿ ಸುಳ್ಳು ಹೇಳಿರಲಿಲ್ಲ. ಕಾಯಿ ನೀರು ಎಲ್ಲಿದೆ ಎಂದು ಹೇಳುತ್ತದೆ. ಅದು ಯಾರ ನೀರು ಎಂದು ಹೇಳುವುದಿಲ್ಲ.

ಅಲ್ಲಿಂದ ಊರಿನ ರಸ್ತೆಯಂಚಿನ ಟ್ಯಾಂಕಿಗೆ ನೆಲದೊಳಗೆ ಪೈಪು ಎಳೆದರು. ಮೋಟರನ್ನು ನೋಡಿಕೊಳ್ಳುವ ನೀರುಗಂಟಿ ಯಾರಾಗಬೇಕೆಂದು ಎರಡು ಮನೆತನಗಳ ನಡುವೆ ಜಗ್ಗಾಟವಿದ್ದುದರಿಂದ, ಮೋಟರು ರಿಪೇರಿ ಕಲಿತಿದ್ದ ಸಮಿತಿಯ ಕಾರ್ಯದರ್ಶಿ ಅನಂತರಾಜು ಯಾರಿಗೂ ಬೇಸರವಾಗದಂತೆ ಆಟೋ ಸ್ಟಾರ್ಟರ್ ಹಾಕಿದ. ಕರೆಂಟು ಬಂದಾಗ ಮೋಟರು ತಾನೇ ಎದ್ದು, ಕರೆಂಟು ಹೋಗುವವರೆಗೂ ಓಡುತ್ತಿತ್ತು. ಟ್ಯಾಂಕು ತುಂಬಿ, ತುಳುಕಿ, ರಸ್ತೆಯ ಚರಂಡಿಗೆ ದಬದಬನೆ ಬೀಳುತ್ತಿತ್ತು. ಯಾರೂ ನಿಲ್ಲಿಸಲಿಲ್ಲ. ಗುಡೇಮಾರನಹಳ್ಳಿಯಿಂದ ಬಂದ ಬೀಗರಿಗೆ ದಾಸಪ್ಪ ಕಾಫಿ ಕೊಡುವ ಮೊದಲು ತೋರಿಸುತ್ತಿದ್ದುದೇ ಅದನ್ನು. "ನಿಮ್ಮೂರ ಟ್ಯಾಂಕು ತುಂಬ್ತದಾ ಬೀಗ್ರೆ? ನಮ್ದು ತುಂಬಿ ಚೆಲ್ತದೆ," ಎನ್ನುತ್ತಿದ್ದ. ತುಂಬಿ ಚೆಲ್ಲುವ ಟ್ಯಾಂಕು ಆ ಬೇಸಿಗೆಯಲ್ಲಿ ಇಡೀ ಹೋಬಳಿಯಲ್ಲಿ ಇನ್ನೊಂದಿರಲಿಲ್ಲ.

ಅರ್ಜಿಗೆ ಉತ್ತರ ಬರಬಹುದೆಂದು ದಾಸಪ್ಪನೇ ನಂಬಿರಲಿಲ್ಲ. ಆದರೆ ಮೂರನೆಯ ದಿನ ಪ್ರತಿಮಾ ಎಂಬ ಭೂವಿಜ್ಞಾನಿ ಬಸ್ಸಿನಿಂದ ಇಳಿದಳು. ಅಂತರ್ಜಲದ ಕಚೇರಿಯವಳು, ಪಕ್ಕದ ಊರಿನ ಇನ್ಯಾವುದೋ ಕೆಲಸಕ್ಕೆ ಬಂದವಳಿಗೆ ಎರಡು ಗಂಟೆ ಬಿಡುವಿತ್ತು. ಕೈಯಲ್ಲಿ ಸಣ್ಣ ಸುತ್ತಿಗೆ. ಹಳ್ಳದ ತಗ್ಗಿನಲ್ಲಿ ಕಪ್ಪು ಬಂಡೆಯನ್ನು ಕುಟ್ಟಿದಳು, ಅದರ ಎರಡೂ ಕಡೆಯ ಬಿಳಿಗಲ್ಲನ್ನು ಕುಟ್ಟಿದಳು, ಸಾಲು ಹಿಡಿದು ಆ ತುದಿಯವರೆಗೆ ನಡೆದು ಬಂದಳು.

"ಕಾರ್ಖಾನೆ ಈ ಕರಿಕಲ್ಲಿನ ಕೆಳಗಡೆ ಇದೆ ಅಲ್ವಾ?" ಎಂದಳು.

"ಕೆಳುಗಡೇನೆ ಮೇಡಂ. ಕೆಳಗ್ ಕುಂತ್ಕೊಂಡು ಎಳಿತಾವ್ರೆ."

"ಹಾಗೆ ಎಳೆಯೋಕೆ ಆಗುತ್ತೋ ಇಲ್ವೋ ಅದೇ ನನಗೆ ಅನುಮಾನ. ಎರಡೂ ಕಡೆ ನೀರು ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತೆ. ಒಂದೇ ಕಡೆಯ ನೀರಾದರೆ ಅದರಲ್ಲಿರೋ ಲವಣವೂ ಒಂದೇ ಥರ ಇರುತ್ತೆ. ಹತ್ತಿರದಲ್ಲಿ ಬೇರೆ ಬೋರ್‌ವೆಲ್ ಇದೆಯಾ?"

"ಇಲ್ಲ ಮೇಡಂ," ಎಂದ ದಾಸಪ್ಪ. ಅವನು ಸುಳ್ಳು ಹೇಳಲಿಲ್ಲ. ಊರಿನದು ಅವನ ಮನಸ್ಸಿನಲ್ಲಿ ಬೋರ್‌ವೆಲ್ ಆಗಿರಲಿಲ್ಲ, ಸಾಧನೆಯಾಗಿತ್ತು.

ಬಸ್ಸಿಗೆ ಕಾಯುವಾಗ ಅವಳು ಚೆಲ್ಲುವ ಟ್ಯಾಂಕನ್ನು ನೋಡಿ, "ಇದೆಲ್ಲಿಯ ನೀರು?" ಎಂದು ಕೇಳಿದಳು. "ನಮ್ದೇ ಮೇಡಂ," ಎಂದು ದಾಸಪ್ಪ ಎದೆಯುಬ್ಬಿಸಿದ. ಅಷ್ಟರಲ್ಲಿ ಬಸ್ಸು ಬಂತು. ಅವಳು ಹಳ್ಳದ್ದೊಂದು, ಕಾರ್ಖಾನೆಯದೊಂದು ಎಂದು ಎರಡು ಬಾಟಲಿ ನೀರು ಚೀಲಕ್ಕಿಟ್ಟುಕೊಂಡು, ಕಚೇರಿಯ ಫೋನ್ ನಂಬರು ಕೊಟ್ಟು, ಪ್ರಯೋಗಾಲಯದಿಂದ ವರದಿ ಬರಲು ಆರು ವಾರ ಆಗಬಹುದು ಎಂದು ಕಿಟಕಿಯಿಂದ ಹೇಳಿದಳು.

ಅಂಬುಜಮ್ಮ ಹುಳುವಿನ ತಟ್ಟೆಗಳ ಕಡೆ ನೋಡಿದಳು. ಆರು ವಾರದಲ್ಲಿ ಆ ಹುಳು ಗೂಡಾಗಿ, ಗೂಡು ನೂಲಾಗಿ, ನೂಲು ಯಾರದೋ ಮದುವೆಯ ಸೀರೆಯಾಗಿರುತ್ತದೆ. ಇಲ್ಲವೇ ತಿಪ್ಪೆಯಲ್ಲಿರುತ್ತದೆ. ಅಷ್ಟರಲ್ಲಾಗಲೇ ಕಲ್ಲು ಒಂದು ಗೇಣು ಒಣಗಿತ್ತು. ಹಿಪ್ಪುನೇರಳೆಯ ತುದಿಯೆಲೆಗಳು ಮಧ್ಯಾಹ್ನದಲ್ಲಿ ಜೋತು ಬೀಳತೊಡಗಿದ್ದವು.

ಈ ಹಳ್ಳದ ನೀರಿಗೆ ಹೊರಗಿನ ಗಿರಾಕಿಯೊಬ್ಬನಿದ್ದ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಖಲಂದರ್. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ತೆಗೆಯುವ ಕೆಲಸದಲ್ಲಿ ನೀರು ಮೆದುವಾಗಿರಬೇಕು. ಗಡಸು ನೀರಿನಲ್ಲಿ ಬೇಯಿಸಿದರೆ ಎಳೆ ಮಾರಿಗೊಮ್ಮೆ ತುಂಡಾಗುತ್ತದೆ. ಪೇಟೆಯ ನೀರೆಲ್ಲ ಗಡಸು. ಆದ್ದರಿಂದ ಅವನು ಹದಿನೈದು ವರ್ಷದಿಂದ ದಿನ ಬಿಟ್ಟು ದಿನ ಗೂಡ್ಸ್ ಆಟೋದಲ್ಲಿ ನಾಲ್ಕು ನೀಲಿ ಡ್ರಮ್ಮು ಹೇರಿಕೊಂಡು ಬಂದು ಹಳ್ಳದಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದ. ಆ ಶನಿವಾರ ಎರಡೇ ಡ್ರಮ್ಮು ತುಂಬಲು ಅವನಿಗೆ ಒಂದು ಗಂಟೆ ಹಿಡಿಯಿತು.

"ಏನಕ್ಕ ಇದು, ಹಳ್ಳ ಉಪವಾಸಾನಾ?" ಎಂದ.

ಅಂಬುಜಮ್ಮ ಎಲ್ಲವನ್ನೂ ಹೇಳಿದಳು. ಲವಣ, ಪ್ರಯೋಗಾಲಯ, ಆರು ವಾರ.

"ಎರಡು ನೀರು ಒಂದೇನಾ ಅಲ್ವಾ, ಅಷ್ಟೇ ತಾನೆ ಗೊತ್ತಾಗ್ಬೇಕು? ಅದಕ್ಕೆ ಆರು ವಾರ ಯಾಕಕ್ಕ. ನಾಳೆ ಒಂದ್ ಹಿಡಿ ಗೂಡು ತರ್ತೀನಿ. ಗಂಟೇಲಿ ಹೇಳ್ತೀನಿ."

ದಾಸಪ್ಪನಿಗೆ ಈ ಮಾತು ಹಿಡಿಸಿತು. ಕಾರ್ಖಾನೆಯ ಕಳ್ಳತನವನ್ನು ಊರ ಮುಂದೆ, ಹಾಡುಹಗಲು ಸಾಬೀತು ಮಾಡುವುದೆಂದರೆ ಅದರ ಗತ್ತೇ ಬೇರೆ. ಆದರೆ ಎರಡೇ ಪಾತ್ರೆ ಇಟ್ಟರೆ ಕಾರ್ಖಾನೆಯವರು ತಕರಾರು ಮಾಡಬಹುದು. ಹೋಲಿಸಿ ನೋಡಲು ಸಂಬಂಧವಿಲ್ಲದ ಮೂರನೆಯ ನೀರೊಂದು ಇರಬೇಕು ಎಂದು ಅವನೇ ಸೂಚಿಸಿದ. "ನಮ್ ಟ್ಯಾಂಕಿಂದು ಮಡಗವ್ವ ಪುಟ್ಟಿ. ನಮ್ ನೀರು ಎಂಥಾದ್ದು ಅಂತಾನೂ ನಾಕ್ ಜನುಕ್ಕೆ ತಿಳೀಲಿ."

ಭಾನುವಾರ ಬೆಳಿಗ್ಗೆ ಅರಳಿಕಟ್ಟೆಯ ಮುಂದೆ ಮೂರು ಒಲೆ ಹೂಡಿದರು. ಮೂರು ಒಂದೇ ಅಳತೆಯ ಸ್ಟೀಲು ಪಾತ್ರೆ. ಯಾರೂ ಪಕ್ಷಪಾತ ಮಾಡದಂತೆ ಪುಟ್ಟಿಯೊಬ್ಬಳೇ ಮನೆಯ ಹಿತ್ತಿಲಲ್ಲಿ ನೀರು ತುಂಬಿಸಿ, ಪಾತ್ರೆಗಳ ಕಂಠದ ಕೆಳಗೆ ಕಾಣದಂತೆ ಒಂದಕ್ಕೆ ಅರಿಶಿನ, ಒಂದಕ್ಕೆ ಕುಂಕುಮ, ಒಂದಕ್ಕೆ ಸುಣ್ಣ ಹಚ್ಚಿ, ಮೇಲೆ ಒದ್ದೆ ಬಟ್ಟೆ ಸುತ್ತಿ ತಂದಿಟ್ಟಳು. ಕಾರ್ಖಾನೆಯ ನೀರನ್ನು ಅವಳು ಹಿಂದಿನ ದಿನ ಕುಡಿಯುವ ಬಾಟಲಿಗಳಲ್ಲಿ ತಂದಿದ್ದಳು. ಅನಂತರಾಜು ನಡಾವಳಿ ಪುಸ್ತಕ ಬಿಚ್ಚಿಕೊಂಡು ಕುಳಿತ. ಊರಿನ ಹಿರಿಯ ಅಂಕಯ್ಯನಿಗೆ ಕಟ್ಟೆಯ ಮೇಲೆ ನೆರಳಿರುವ ಜಾಗ ಬಿಟ್ಟುಕೊಟ್ಟರು.

ಖಲಂದರ್ ನೀರು ಕುದಿಯಲು ಬಿಟ್ಟು, ಪಾತ್ರೆಗೆ ಇಪ್ಪತ್ತರಂತೆ ಗೂಡು ಹಾಕಿದ. ಕಡ್ಡಿಯಿಂದ ಒತ್ತಿ ಮುಳುಗಿಸಿದ. ಅವನು ಪಾತ್ರೆಗಳ ಕಡೆ ನೋಡುತ್ತಲೇ ಇರಲಿಲ್ಲ. ಗೂಡನ್ನು ಎರಡು ಬೆರಳ ನಡುವೆ ಅಮುಕಿ ನೋಡುತ್ತಿದ್ದ. ಆ ಬೆರಳುಗಳು ಮೂವತ್ತು ವರ್ಷ ಬಿಸಿನೀರಿನಲ್ಲಿದ್ದು ಬೇಯಿಸಿದ ಕಡಲೆಯ ಬಣ್ಣಕ್ಕೆ ತಿರುಗಿದ್ದವು. ಆಮೇಲೆ ಸಣ್ಣ ಪೊರಕೆಯಿಂದ ಸವರಿ ಎಳೆಯ ತುದಿ ಹಿಡಿದು, ಎಂಟೆಂಟು ಗೂಡಿನ ಎಳೆ ಒಂದು ಮಾಡಿ, ಖಾಲಿ ಬಾಟಲಿಗೆ ಸುತ್ತತೊಡಗಿದ.

ಎಡಗಡೆಯ ಪಾತ್ರೆಯಿಂದ ಎಳೆ ಮಾತಾಡದೆ ಬಂತು. ನಡುವಿನದರಲ್ಲಿ ಎರಡು ಸುತ್ತಿಗೊಮ್ಮೆ ತುಂಡಾಯಿತು. ಗೂಡುಗಳು ಕಡಲೆಕಾಯಿಯ ಹಾಗೆ ಒರಟಾಗಿ ತೇಲುತ್ತಿದ್ದವು. ಬಲಗಡೆಯದು ಮತ್ತೆ ಎಡಗಡೆಯ ಹಾಗೆಯೇ ಸಲೀಸಾಗಿ ಸುತ್ತಿಕೊಂಡಿತು. ಖಲಂದರ್ ಎಡದ ನೀರು ಒಂದು ಚಮಚ, ಬಲದ್ದು ಒಂದು ಚಮಚ ಆರಿಸಿ ನಾಲಿಗೆಗೆ ಬಿಟ್ಟುಕೊಂಡು ಸ್ವಲ್ಪ ಹೊತ್ತು ಆಕಾಶ ನೋಡಿದ.

"ಗೌಡ್ರೆ, ಈ ಎಡದ್ದು ಬಲದ್ದು ಎರಡೂ ಒಂದೇ ನೀರು. ಬೇರೆ ಪಾತ್ರೇಲಿ ಇಟ್ಟಿದ್ದೀರ ಅಷ್ಟೇ. ನಡುವಿಂದು ಬೇರೆ. ಅದರಲ್ಲಿ ಗೂಡಲ್ಲ, ಟೀ ಕೂಡ ಬೇಯಲ್ಲ."

ದಾಸಪ್ಪ ಎದ್ದು ನಿಂತ. ಪಂಚೆ ಕೊಡವಿಕೊಂಡ.

"ಕೇಳುಸ್ತೇನ್ರಪ್ಪ ಎಲ್ರುಗೂ? ಎರಡೂ ಒಂದೇ. ಹಳ್ಳದ್ದೂ ಫ್ಯಾಕ್ಟ್ರೀದೂ ಒಂದೇ ನೀರು. ನಾನ್ ಅವತ್ತೇ ಅಂದಿರ್ನಿಲ್ವಾ? ಬರ್ಕೊಳ್ಳಾ ಅನಂತರಾಜು."

ಅನಂತರಾಜು ಬರೆದುಕೊಂಡ. ಪುಟ್ಟಿ ಮಾತ್ರ ನೆಲ ನೋಡುತ್ತಿದ್ದಳು.

"ಬಟ್ಟೆ ಬಿಚ್ಚವ್ವ," ಎಂದ ದಾಸಪ್ಪ.

ಪುಟ್ಟಿ ಎಡದ ಪಾತ್ರೆಯ ಬಟ್ಟೆ ತೆಗೆದಳು. ಅರಿಶಿನ. ಹಳ್ಳದ ನೀರು. ಜನ ತಲೆದೂಗಿದರು. ನಡುವಿನದು ಕುಂಕುಮ.

"ಕುಂಕುಮ ಯಾವ್ದು?"

"ಫ್ಯಾಕ್ಟ್ರಿ ಕಣಪ್ಪ."

ಬಲಗಡೆಯ ಪಾತ್ರೆಯ ಬಟ್ಟೆಯನ್ನು ಯಾರೂ ತೆಗೆಯಲು ಹೇಳಲಿಲ್ಲ. ಪುಟ್ಟಿ ತಾನೇ ತೆಗೆದಳು. ಸುಣ್ಣ.

"ಅಂಗಾದ್ರೆ ಹಳ್ಳದ ನೀರು ಕುಡೀತಿರೋದು..." ಎಂದು ಯಾರೋ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು.

"ಚರಂಡಿ ಕಣ್ಲಾ," ಎಂದ ಅಂಕಯ್ಯ. "ಯುಗಾದಿಯಿಂದ ಚರಂಡೀಗೆ ಕುಡುಸ್ತಾ ಇದೀವಿ. ಮೂರ್ ಹೊತ್ತೂ. ಬೀಗ್ರುನ್ನೂ ಕರ್ಕೊಂಡೋಗಿ ತೋರುಸ್ತಾ ಇದೀವಿ."

ಅನಂತರಾಜು ಪೆನ್ನು ಎತ್ತಿ ಹಿಡಿದ. "ಅಣ್ಣ, ಏನಂತ ಬರೀಲಿ?"

"ಒಸಿ ತಡಿ," ಎಂದ ದಾಸಪ್ಪ.

ಅವನಿಗೆ ಹೇಳಲು ಬಹಳ ಇತ್ತು. ನೂರೆಂಬತ್ತು ಅಡಿಯ ನೀರು ಪಾತಾಳದ್ದು, ಹಳ್ಳದ ನೀರು ಮೇಲಿನದು, ಎರಡಕ್ಕೂ ಸಂಬಂಧ ಹೇಗೆ? ತುಂಬಿ ಚೆಲ್ಲುವ ಟ್ಯಾಂಕನ್ನು ನಿಲ್ಲಿಸಿದರೆ ಊರಿನ ಮಾನ ಏನಾಗಬೇಕು? ಸಾಬರ ನಾಲಿಗೆಯನ್ನು ನಂಬಿ ಸರ್ಕಾರಿ ಮೋಟರು ಮುಟ್ಟಲಾಗುತ್ತದೆಯೇ? ಇದನ್ನೆಲ್ಲ ಅವನು ಹೇಳಿಯೂ ಹೇಳಿದ. ಖಲಂದರ್ ಬೆಂದ ಗೂಡುಗಳನ್ನು ಬಟ್ಟೆಗೆ ಕಟ್ಟಿಕೊಳ್ಳುತ್ತ, "ನನ್ ನಾಲಿಗೆ ಬುಡಿ ಗೌಡ್ರೆ, ಹುಳದ ನೂಲು ನಂಬಿ. ಅದಕ್ಕೆ ಯಾವ ಪಾರ್ಟೀನೂ ಇಲ್ಲ," ಎಂದ.

ಆಗ ಅಂಬುಜಮ್ಮ ಜನರ ನಡುವಿನಿಂದ ಎದ್ದು ಬಂದು ಗಂಡನ ಎದುರು ಕೈ ಚಾಚಿದಳು. ಮೋಟರಿನ ಮನೆಯ ಬೀಗದ ಕೈ ಅವನ ಉಡಿದಾರದಲ್ಲಿತ್ತು.

"ಕೊಡಿ."

"ಸುಮ್ಕಿರಮ್ಮಿ. ಸಮಿತೀಲಿ ಮಾತಾಡಿ..."

"ಹುಳ ಮೂರ್ನೇ ಜ್ವರಕ್ಕೆ ಕುಂತವೆ. ಇನ್ನಾರು ದಿನುಕ್ಕೆ ನಾಕ್ನೇದೂ ಮುಗೀತದೆ. ಆಮೇಕೆ ನಿಮ್ಮ ಸಮಿತಿ ಬಂದು ಸೊಪ್ಪಾಕ್ತದಾ? ಆರು ದಿನ ಆ ಬೋರಿನ ಬಾಯಿ ನನ್ ಕೈಲಿರ್ಲಿ. ಬೆಳಗ್ಗೆ ಎರಡು ಗಂಟೆ ಹೊತ್ತು ನಲ್ಲಿಗೆ ಬುಡ್ತೀನಿ, ಎಲ್ರೂ ಬಿಂದ್ಗೆ ತುಂಬ್ಕೊಳ್ಳಿ. ಆಮೇಕೆ ಬೀಗ. ನೀರು ಬರ್ದೆ ಹೋದ್ರೆ ಕೈ ವಾಪಸ್ ಕೊಡ್ತೀನಿ, ಫ್ಯಾಕ್ಟ್ರಿ ಮುಂದೆ ನಾನೇ ಬಂದು ಕುಂತ್ಕತೀನಿ."

ದಾಸಪ್ಪ ಅಂಕಯ್ಯನ ಕಡೆ ನೋಡಿದ. ಅಂಕಯ್ಯ ಅರಳಿಮರದ ಕಡೆ ನೋಡಿದ. ನೀರುಗಂಟಿ ಕೆಲಸಕ್ಕೆ ಜಗ್ಗಾಡುತ್ತಿದ್ದ ಎರಡು ಮನೆತನದವರೂ, ಇನ್ನೊಂದು ಮನೆತನಕ್ಕೆ ಸಿಗುವುದಿಲ್ಲ ಎಂಬ ಕಾರಣಕ್ಕೆ, ಅದೇ ಸರಿ ಎಂದರು. ಬೀಗದ ಕೈ ಉಡಿದಾರದಿಂದ ಬಿಚ್ಚಲು ಸಾಕಷ್ಟು ಹೊತ್ತು ಹಿಡಿಯಿತು. ಗಂಟು ಹಳೆಯದು.

ಸೋಮವಾರ ಪುಟ್ಟಿ ಕಾರ್ಖಾನೆಯ ಮುಂದಿನ ಕಾಯಿನ್ ಬಾಕ್ಸಿನಿಂದ ಪ್ರತಿಮಾಗೆ ಫೋನ್ ಮಾಡಿದಳು. ಮಂಗಳವಾರ ಅವಳು ಬಂದಳು. ಈ ಸಲ ದಾಸಪ್ಪ ಅವಳನ್ನು ಟ್ಯಾಂಕಿನ ಹತ್ತಿರವಲ್ಲ, ಬೋರ್‌ವೆಲ್ಲಿನ ಹತ್ತಿರ ಕರೆದುಕೊಂಡು ಹೋದ. ಅಂಬುಜಮ್ಮನೂ ಅಂಕಯ್ಯನೂ ಹಿಂದೆಯೇ ಬಂದರು. ಕರಿಕಲ್ಲಿನಿಂದ ಇಪ್ಪತ್ತು ಮಾರು ಎಂಬುದನ್ನು ನೋಡಿ ಅವಳು ಸುತ್ತಿಗೆಯನ್ನು ಚೀಲದಿಂದ ತೆಗೆಯಲೇ ಇಲ್ಲ. ಬಂಡೆಯ ಮೇಲೆ ಕುಳಿತಳು.

"ಬೇರೆ ಬೋರ್‌ವೆಲ್ ಇಲ್ಲ ಅಂದಿದ್ರಿ."

"ಇದು ಊರಿಂದು ಮೇಡಂ," ಎಂದ ದಾಸಪ್ಪ, ಸಣ್ಣ ದನಿಯಲ್ಲಿ.

ಪ್ರತಿಮಾ ಒಂದು ಕಡ್ಡಿಯಿಂದ ಮಣ್ಣಿನಲ್ಲಿ ಇಳಿಜಾರು ಗೀಚಿ, ಅದರ ನಡುವೆ ನೆಟ್ಟಗೆ ಒಂದು ಗೆರೆ ಎಳೆದಳು. ಈ ಕಪ್ಪು ಬಂಡೆಯ ಸಾಲು ಮೇಲೆ ಕಾಣುವಷ್ಟೇ ಅಲ್ಲ. ಗೋಡೆಯ ಹಾಗೆ ನೆಲದೊಳಗೆ ಬಹಳ ಆಳಕ್ಕೆ ಇಳಿದಿದೆ. ಅದರ ಹಿಂದಿನ ಗುಡ್ಡದ ಬಿಳಿಗಲ್ಲು ಮೇಲಿನ ಎಂಬತ್ತು ನೂರು ಅಡಿ ಸವೆದು ಪುಡಿಪುಡಿಯಾಗಿದೆ, ಕೆಳಗೆ ಬಿರುಕು ಬಿಟ್ಟಿದೆ. ಮಳೆಗಾಲದ ನೀರು ಅದರೊಳಗೆ ಇಂಗಿ, ಮೆಲ್ಲಗೆ ಇಳಿಜಾರಿನಲ್ಲಿ ಇಳಿದು ಬಂದು, ಕರಿಕಲ್ಲಿಗೆ ತಡೆದು ನಿಲ್ಲುತ್ತದೆ. ತುಂಬಿ ತುಂಬಿ, ಗೋಡೆ ಎಲ್ಲಿ ತಗ್ಗಾಗಿದೆಯೋ ಅಲ್ಲಿ ದಾಟುತ್ತದೆ. ದಾಟುವ ಆ ನಾಲ್ಕು ಬೆರಳೇ ನಿಮ್ಮ ಬೇಸಿಗೆಯ ಹಳ್ಳ. ಗೋಡೆಯಾಚೆ ಕೆಳಗಿರುವ ಕಾರ್ಖಾನೆಯ ಬೋರಿಗೆ ಈ ನೀರು ಎಟುಕುವುದಿಲ್ಲ. ಅದು ಎಷ್ಟೋ ಕಾಲ ಬಂಡೆಯ ಬಿರುಕಿನಲ್ಲೇ ಕೂತು ಗಡಸಾದ ಬೇರೆ ನೀರು. ನೀವು ಕೊರೆದದ್ದು ಮಾತ್ರ ಸರಿಯಾಗಿ ಗೋಡೆಯ ಹಿಂದೆ.

"ಅದ್ಕೇ ಸರಿ," ಎಂದ ಅಂಕಯ್ಯ. "ನಮ್ಮಪ್ಪನ ಕಾಲ್ದಲ್ಲಿ ಕರಿಕಲ್ಲಿ‌ಂದ ಕೆಳುಕ್ಕೆ, ಹಳ್ಳದಿಂದ ಒಸಿ ಆಚ್ಗೆ ಬಾವಿ ತೋಡಿದ್ರು. ನಲ್ವತ್ತಡಿ. ಗುಂಡಿ ಈಗ್ಲೂ ಐತೆ. ಒಂದ್ಸಲ ನಮ್ ಎಮ್ಮೆ ಬಿದ್ದಿತ್ತು."

"ನೀರಿತ್ತಾ ಅದರಲ್ಲಿ?"

"ಎಮ್ಮೆ ಒದ್ದೆ ಆಗ್ನಿಲ್ಲ ಮೇಡಂ."

ಅಂಬುಜಮ್ಮ ಮಣ್ಣಿನ ಗೆರೆಯನ್ನು ನೋಡುತ್ತಲೇ ಇದ್ದಳು. "ಕಲ್ಬಾನಿ ಇದ್ದಂಗೆ ಅನ್ನಿ," ಎಂದಳು ಕೊನೆಗೆ. "ದನಿನ ಬಾನಿ ತುಂಬಿದ್ರೆ ಈ ಕಡೆ ಅಂಚಲ್ಲಿ ತುಳುಕ್ತದೆ. ಆ ಕಡೆಯಿಂದ ಎಮ್ಮೆ ಬಾಯಿ ಮಡಗಿದ್ರೆ ಈ ಕಡೆ ಯಾಕ್ ತುಳುಕ್ತದೆ?"

"ನಾನು ಇದನ್ನೇ ಹೇಳೋಕೆ ಅರ್ಧ ಗಂಟೆ ತಗೊಂಡೆ," ಎಂದಳು ಪ್ರತಿಮಾ.

"ಮತ್ತೆ ತುಂಬ್ತದಾ ಮೇಡಂ?"

"ತುಂಬಬೇಕು. ಎಷ್ಟು ದಿನಕ್ಕೆ ಅಂತ ಮಾತ್ರ ಕೇಳಬೇಡಿ. ಕಲ್ಲಿನೊಳಗಿನ ನೀರು ಯಾವಾಗ ಎಷ್ಟು ನಡೆಯುತ್ತೆ ಅಂತ ಹೊರಗೆ ಕೂತು ಹೇಳೋಕಾಗಲ್ಲ."

ಬುಧವಾರ ಏನೂ ಆಗಲಿಲ್ಲ. ತಗ್ಗಿನಲ್ಲಿ ಕಲ್ಲು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ತೋಟದಲ್ಲಿ ಕೆಳಗಿನ ಎಲೆಗಳು ಹಳದಿಯಾದವು. ಅಂಬುಜಮ್ಮ ಸಂಜೆ ಮೂರು ಸಾಲಿಗೆ ಬಿಂದಿಗೆಯಲ್ಲಿ ನೀರು ಹೊತ್ತಳು. ನಾಲ್ಕನೆಯ ಸಾಲಿಗೆ ಸೊಂಟ ಒಪ್ಪಲಿಲ್ಲ. ಗುರುವಾರ ಬೆಳಿಗ್ಗೆ ತಗ್ಗಿನ ಮರಳು ಕಪ್ಪಾಗಿತ್ತು. ಮುಟ್ಟಿದರೆ ತಣ್ಣಗಿತ್ತು. ಅವಳು ಆ ಕಪ್ಪು ಮುಗಿಯುವ ಕಡೆ ಒಂದು ಬೆಣಚುಕಲ್ಲು ಇಟ್ಟು ಬಂದಳು, ಯಾರಿಗೂ ಹೇಳಲಿಲ್ಲ. ಸಂಜೆ ಹೋಗಿ ನೋಡಿದರೆ ಆ ಕಲ್ಲಿನ ಮುಂದೆ ಒಂದು ಮಾರು ದೂರದಲ್ಲಿ ಇನ್ನೊಂದು ಬೆಣಚುಕಲ್ಲಿತ್ತು. ಒದ್ದೆ ಮರಳಿನಲ್ಲಿ ದಾಸಪ್ಪನ ಚಪ್ಪಲಿಯ ಗುರುತು.

"ಹಳ್ಳದ್ ಕಡೆ ಹೋಗಿದ್ರಾ?" ಎಂದು ಅವಳು ರಾತ್ರಿ ಊಟ ಬಡಿಸುತ್ತ ಕೇಳಿದಳು.

"ನಂಗೇನ್ ಕೆಲ್ಸ ಅಲ್ಲಿ," ಎಂದ ದಾಸಪ್ಪ. "ಕೆಂಗಲ್ ಆಂಜನೇಯಂಗೆ ಒಂದ್ ಕಾಯಿ ಹರಸ್ಕೊಂಡಿವ್ನಿ ಅಷ್ಟೇಯ. ಹುಳುಕ್ಕೆ. ಹಳ್ಳುಕ್ಕಲ್ಲ."

ಶುಕ್ರವಾರ ಟ್ಯಾಂಕು ಚೆಲ್ಲದೆ ನಿಂತಿರುವುದನ್ನು ನೋಡಿದ ಗುಡೇಮಾರನಹಳ್ಳಿಯ ಬೀಗರು, "ಏನ್ ಬೀಗ್ರೆ, ಬೋರು ಬತ್ತೋಯ್ತಾ?" ಎಂದರು. ದಾಸಪ್ಪನ ಬಾಯಲ್ಲಿ ಉತ್ತರವಿತ್ತು. ಅವನು ಅದನ್ನು ಎಲೆ ಅಡಿಕೆಯ ಜೊತೆ ಅಗಿದು ನುಂಗಿದ.

ಶನಿವಾರ ಬೆಳಿಗ್ಗೆ ಹುಳು ನಾಲ್ಕನೆಯ ಜ್ವರದಿಂದ ಎದ್ದಿತು. ಅಂಬುಜಮ್ಮ ಒಂದು ತಟ್ಟೆಗೆ ಸೊಪ್ಪು ಹಾಕಿ, ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಪುಟ್ಟಿ ಬಾಗಿಲಲ್ಲಿ ಬಂದು ನಿಂತಳು. ಊಟದ ಡಬ್ಬಿ ಕೈಯಲ್ಲಿತ್ತು. ಕಾರ್ಖಾನೆಯ ಬಸ್ಸು ರಸ್ತೆಯಲ್ಲಿ ಹಾರನ್ ಹೊಡೆಯುತ್ತಿತ್ತು.

"ಅವ್ವ, ಬಾ ಇಲ್ಲಿ."

"ಬಸ್ ಹೋಯ್ತದೆ ಕಣೆ, ಹೋಗು."

"ಹೋಗ್ಲಿ ಬಾ. ಕಲ್ ನೋಡ್ಬಾ."

ಕಲ್ಲಿನ ಹತ್ತಿರ ದಾಸಪ್ಪ ಆಗಲೇ ಇದ್ದ. ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿ, ಗುದ್ದಲಿ ಹಿಡಿದು, ಕಾಲುವೆಯ ಬಾಯಿಗೆ ಹತ್ತು ದಿನದಿಂದ ಬಿದ್ದಿದ್ದ ತರಗೆಲೆ ಮಣ್ಣನ್ನು ಕೆರೆದು ಹಾಕುತ್ತಿದ್ದ. ನೀರು ತಗ್ಗಿನಿಂದ ಮೊದಲಿನ ಹಾಗೆಯೇ ಸದ್ದಿಲ್ಲದೆ ಇಳಿದು, ಕಲ್ಲನ್ನು ಬಳಸಿ, ಪಾಚಿಯ ಗೆರೆಗೆ ಒಂದು ಬೆರಳು ಕಡಿಮೆ ನಿಂತಿತ್ತು. ಮೂವರೂ ನಿಂತು ನೋಡಿದರು. ಕಾಗೆಯೊಂದು ಕಲ್ಲಿನ ಮೇಲೆ ಕೂತು, ನೀರು ಕುಡಿದು, ಅವರನ್ನೊಮ್ಮೆ ನೋಡಿ ಹೋಯಿತು. ಆ ಒಂದು ಬೆರಳು ಏರಲು ಸುಮಾರು ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಕಾಲುವೆಯ ಬಾಯಲ್ಲಿ ಒಂದು ಒಣ ಎಲೆ ಅಲುಗಾಡಿತು, ತಿರುಗಿತು, ತೋಟದ ಕಡೆ ಹೊರಟಿತು.

ಅಂಬುಜಮ್ಮ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಸೀರೆ ಒದ್ದೆಯಾಯಿತು. ಏಳಲಿಲ್ಲ.

"ಅಳ್ತಾ ಇದೀಯೇನವ್ವ?" ಎಂದಳು ಪುಟ್ಟಿ.

"ಇಲ್ಲ ಕಣೆ. ಹನ್ನೆರಡು ದಿನ ನೆಟ್ಟಗೆ ಕುಂತಿರ್ನಿಲ್ಲ. ಕುಂತ್ಕತಾ ಇವ್ನಿ."

"ಬೀಗದ ಕೈ..." ಎಂದ ದಾಸಪ್ಪ, ಗುದ್ದಲಿಯ ಮಣ್ಣು ತೊಳೆಯುತ್ತ.

"ಏನು ಬೀಗದ ಕೈ?"

"ನಿನ್ತಾವ್ಲೇ ಇರ್ಲಿ ಅಂದೆ."

ಹಾಗೆ ಕರಿಕಲ್ಲುದೊಡ್ಡಿಗೆ ನೀರುಗಂಟಿ ಸಿಕ್ಕಿದಳು. ಎರಡು ಮನೆತನಗಳಲ್ಲಿ ಯಾರಿಗೂ ಬೇಸರವಾಗಲಿಲ್ಲ. ಇಬ್ಬರಿಗೂ ಸಮನಾಗಿ ಆಯಿತು ಎನ್ನುವುದು ಹೆಚ್ಚು ಸರಿ. ಅನಂತರಾಜು ಆಟೋ ಸ್ಟಾರ್ಟರ್ ಬಿಚ್ಚಿ ಮನೆಗೆ ಒಯ್ದ. ನಡಾವಳಿ ಪುಸ್ತಕದಲ್ಲಿ ಭಾನುವಾರದ ಸಾಲನ್ನು ಹೊಡೆದು ಹಾಕದೆ, ಅದರ ಮುಂದೆ "ಪುನರ್‌ಪರಿಶೀಲನೆಗೆ ಒಳಪಟ್ಟಿದೆ" ಎಂದು ಸೇರಿಸಿದ. ದಾಸಪ್ಪ ತಾಲ್ಲೂಕು ಕಚೇರಿಗೆ ಹೋಗಿ ಕಲ್ಲಿನ ಅರ್ಜಿಯನ್ನು ವಾಪಸು ಪಡೆದ. ಬರಿಗೈಯಲ್ಲಿ ಹೋಗುವುದು ಚೆನ್ನಾಗಿರುವುದಿಲ್ಲವೆಂದು ಇನ್ನೊಂದು ಅರ್ಜಿ ಕೊಟ್ಟು ಬಂದ: ಕಾರ್ಖಾನೆಯ ಹಿಂಬದಿಯಿಂದ ಹೊಲಕ್ಕೆ ಹರಿಯುವ ನೀಲಿ ನೀರಿನ ಬಗ್ಗೆ. ಆ ದೂರು ಸರಿಯಾಗಿಯೇ ಇತ್ತು. ನೀಲಿಯನ್ನು ಪರೀಕ್ಷಿಸಲು ಯಾರ ನಾಲಿಗೆಯೂ ಬೇಕಿರಲಿಲ್ಲ.

ಪ್ರಯೋಗಾಲಯದ ವರದಿ ಜೂನ್ ಮೊದಲ ವಾರ ಬಂತು. ಹಳ್ಳದ ನೀರಿಗೂ ಕಾರ್ಖಾನೆಯ ನೀರಿಗೂ ಹೋಲಿಕೆ ಕಂಡುಬಂದಿಲ್ಲ ಎಂದು ಅದರಲ್ಲಿತ್ತು. ಖಲಂದರ್ ಅದನ್ನು ಓದಿಸಿಕೊಂಡು ಕೇಳಿ, "ಚೆನ್ನಾಗಿ ಬರ್ದವ್ರೆ," ಎಂದು ತನ್ನ ನಾಲ್ಕನೆಯ ಡ್ರಮ್ಮಿನ ಮುಚ್ಚಳ ಹಾಕಿದ.

ನೂರು ಮೊಟ್ಟೆಗೆ ಅರವತ್ತು ಕಿಲೋ ಗೂಡು ಬಂದರೆ ಒಳ್ಳೆಯ ಬೆಳೆ. ಆ ಬೆಳೆಯಲ್ಲಿ ಅಂಬುಜಮ್ಮನಿಗೆ ಅರವತ್ತೆಂಟು ಕಿಲೋ ಆಯಿತು.